ಕಟ್ಟುವವರ ಕಿರ್ದಿ ಮತ್ತು ಖಾತೆ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿರುವ ಬೋರನಕಣಿವೆ ಜಲಾಶಯವನ್ನು ನೋಡಲು ಒಮ್ಮೆ ಶಾಲೆಯ ಮಕ್ಕಳೊಡನೆ ಹೋಗಿದ್ದೆ. ಗುಡ್ಡಗಳ ನಡುವೆ ಹರಿದು ಬರುವ ಸುವರ್ಣಮುಖಿ ಹೊಳೆಗೆ ಅಡ್ಡಲಾಗಿ ಮೈಸೂರು ಅರಸರ ಆಳ್ವಿಕೆಯಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಕಟ್ಟಿದ ಜಲಾಶಯವದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಅದು ತುಂಬುವುದು ಅಪರೂಪ. ನಾವು ಹೋದ ವರ್ಷವೂ ನೀರು ಆಳದಲ್ಲಿ ತಂಗಿತ್ತು. ಏರಿಯ ಮೇಲೆ ನಿಂತಿದ್ದಾಗ ಒಬ್ಬ ಹುಡುಗ, “ಸಾರ್, ಇದನ್ನು ಕಟ್ಟಿದವರಿಗೆ ಲಾಭ ಬಂತೇ?” ಎಂದು ಕೇಳಿದ. ಉಳಿದವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಅದಕ್ಕೆ ಒಡನೆಯೇ ಹೇಳಬಹುದಾದ ಉತ್ತರ ನನ್ನಲ್ಲಿರಲಿಲ್ಲ.

ಆ ಕಲ್ಲುಗಳನ್ನು ಹೊತ್ತವರಲ್ಲಿ ಇಂದು ಯಾರೂ ಬದುಕಿಲ್ಲ. ಕೂಲಿ ಪಡೆದವರು ಅಂದೇ ಪಡೆದರು. ಹಣ ಹೂಡಿದ ಸರ್ಕಾರವೂ ಹೋಗಿ ಬೇರೆ ಸರ್ಕಾರ ಬಂದಿದೆ. ಆದರೂ ಮಳೆ ಕೈಹಿಡಿದ ವರ್ಷ ಆ ಕಣಿವೆಯಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳಿಗೆ ಜೀವ ಕೊಡುತ್ತದೆ. ಕಟ್ಟಡವೆಂಬುದು ಕಟ್ಟಿದವನ ಆಯುಸ್ಸನ್ನು ಮೀರಿ ಬಾಳುವ ವಸ್ತು. ಆದುದರಿಂದ ಅದರ ಲಾಭನಷ್ಟವನ್ನು ಬೀಗದ ಕೈ ಒಪ್ಪಿಸಿದ ದಿನವೇ ಮುಗಿಸಿಬಿಡಲು ಬರುವುದಿಲ್ಲ. ಹಾಗಾದರೆ ಆ ಲೆಕ್ಕವನ್ನು ಎಲ್ಲಿಯವರೆಗೆ ಎಳೆಯಬೇಕು, ಅದರಲ್ಲಿ ಯಾರು ಯಾರ ಹೆಸರು ಬರಬೇಕು ಎಂಬುದನ್ನು ವಿಚಾರ ಮಾಡುವುದೇ ಈ ಪಾಠದ ಉದ್ದೇಶ.

ನಮ್ಮ ಭಾಗದ ಎಲ್ಲರಿಗೂ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಗೊತ್ತು. ಅಲ್ಲಿಯ ಹಳೆಯ ಮಂಡಿ ವರ್ತಕರು ಎರಡು ಪುಸ್ತಕಗಳನ್ನು ಇಡುತ್ತಿದ್ದರು. ಒಂದು ಕಿರ್ದಿ, ಇನ್ನೊಂದು ಖಾತೆ. ಕಿರ್ದಿಯಲ್ಲಿ ಆಯಾ ದಿನದ ಜಮಾಖರ್ಚು ಬರೆಯುತ್ತಾರೆ. ಖಾತೆಯಲ್ಲಾದರೋ ಒಬ್ಬೊಬ್ಬರ ಹೆಸರಿಗೂ ಒಂದೊಂದು ಪುಟ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದು ವರ್ಷಗಳು ಉರುಳಿದರೂ ಅಲ್ಲಿ ಅಳಿಯದೆ ಉಳಿಯುತ್ತದೆ. ಕಿರ್ದಿಯಲ್ಲಿ ದಿನವೂ ಲಾಭ ಕಂಡು, ಖಾತೆಯಲ್ಲಿ ಸಾಲ ಬೆಳೆಸಿಕೊಂಡ ವರ್ತಕ ಒಂದು ದಿನ ಬಾಗಿಲು ಹಾಕಲೇಬೇಕು. ಕಟ್ಟಡದ ಉದ್ಯಮಕ್ಕೂ ಈ ಎರಡು ಪುಸ್ತಕಗಳುಂಟು. ಸಿಮೆಂಟು, ಕಬ್ಬಿಣ, ಕೂಲಿಗಳ ವೆಚ್ಚವನ್ನು ಎಲ್ಲರೂ ಕಿರ್ದಿಗೆ ಬರೆಯುತ್ತಾರೆ. ಹೊಳೆಯ ಹೆಸರಿಗೆ, ಗುಡ್ಡದ ಹೆಸರಿಗೆ, ಗಾಳಿಯ ಹೆಸರಿಗೆ ಖಾತೆ ತೆರೆದವರು ಮಾತ್ರ ವಿರಳ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. 2001ರಲ್ಲಿ ಊರಿನಲ್ಲಿ ಒಂದು ಮನೆ ಕಟ್ಟಿಸಿದೆ. ಮೇಸ್ತ್ರಿ ಹೇಳಿದಷ್ಟು ಮರಳನ್ನು ನಮ್ಮೂರ ಹಳ್ಳದಿಂದಲೇ ಟ್ರ್ಯಾಕ್ಟರಿನಲ್ಲಿ ಹೊಡೆಸಿದೆ. ತೆಗೆದ ಮರಳಿಗೆ ಬೆಲೆಯಿಲ್ಲ, ಬಾಡಿಗೆ ಮಾತ್ರ, ಅಗ್ಗವಾಯಿತೆಂದು ಸಂತೋಷಪಟ್ಟೆ. ಆ ವರ್ಷಗಳಲ್ಲಿ ಊರಿನಲ್ಲಿಯೂ ಹತ್ತಿರದ ಪೇಟೆಯಲ್ಲಿಯೂ ಮನೆಗಳು ಏಳುತ್ತಲೇ ಇದ್ದವು. ಎಲ್ಲಕ್ಕೂ ಅದೇ ಹಳ್ಳದ ಮರಳು. ನಾಲ್ಕೈದು ವರ್ಷಗಳಲ್ಲಿ ಹಳ್ಳದ ತಳದಲ್ಲಿ ಬಂಡೆ ಕಾಣಿಸಿತು. ಕೆಳಭಾಗದಲ್ಲಿದ್ದ ನಮ್ಮಣ್ಣನ ತೋಟದ ಬಾವಿ ಬೇಸಿಗೆ ಬರುವ ಮೊದಲೇ ಬತ್ತತೊಡಗಿತು. ತೆಂಗಿನ ಮರಗಳ ಗರಿ ಜೋತುಬಿದ್ದವು, ಹೀಚು ಉದುರಿತು, ಮುಂದಿನ ಬರದಲ್ಲಿ ನಮ್ಮ ತಂದೆ ನೆಟ್ಟ ಸಾಲಿನ ಹಲವು ಮರಗಳ ಸುಳಿಯೇ ಒಣಗಿತು. ಅಣ್ಣ ಒಂದು ದಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಗೋಡೆಯನ್ನು ತಟ್ಟಿ, “ನಮ್ಮ ಬಾವಿ ಇದರೊಳಗೆ ಸೇರಿಕೊಂಡಿದೆ ಕಣಪ್ಪ” ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಬಾವಿ ಬತ್ತಿದ್ದಕ್ಕೆ ನನ್ನ ಮರಳೊಂದೇ ಕಾರಣವೆಂದು ಹೇಳಲಾಗದು. ಕೊಳವೆ ಬಾವಿಗಳು ಹೆಚ್ಚಿದ್ದವು, ಮಳೆಯೂ ಕೈಕೊಟ್ಟಿತ್ತು. ಆದರೆ ಹಳ್ಳದ ಮರಳು ವ್ಯರ್ಥವಾಗಿ ಬಿದ್ದಿರುವ ವಸ್ತುವಲ್ಲ. ಮಳೆಯ ನೀರು ಓಡಿಹೋಗದಂತೆ ಅದು ಹಿಡಿದು ನಿಲ್ಲಿಸುತ್ತದೆ. ತನ್ನ ಕಣಕಣಗಳ ನಡುವೆ ತುಂಬಿಕೊಂಡು, ಬಿಸಿಲಿಗೆ ಆರದಂತೆ ಕಾಪಾಡಿ, ಮೆಲ್ಲನೆ ನೆಲಕ್ಕೆ ಇಳಿಸುತ್ತದೆ. ಮರಳು ಹೋದರೆ ನೀರು ಬಂಡೆಯ ಮೇಲೆ ಜಾರಿ ಹೋಗುತ್ತದೆ. ಇದು ನಮ್ಮೂರೊಂದರ ಕಥೆಯಲ್ಲ. ಜಗತ್ತಿನಲ್ಲಿ ವರ್ಷವೊಂದಕ್ಕೆ ಸುಮಾರು 5,000 ಕೋಟಿ ಟನ್ನುಗಳಷ್ಟು ಮರಳು ಮತ್ತು ಜಲ್ಲಿ ಬಳಕೆಯಾಗುತ್ತಿದೆಯೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಅಂದಾಜು ಮಾಡಿದೆ. ಕಿರ್ದಿಯಲ್ಲಿ ನಾನು ಅಗ್ಗವೆಂದು ಬರೆದುಕೊಂಡ ಮರಳಿನ ಬೆಲೆಯನ್ನು ನಮ್ಮಣ್ಣನ ತೋಟ ತೆತ್ತಿತು.

1987ರಲ್ಲಿ ನಾರ್ವೆ ದೇಶದ ಗ್ರೋ ಹಾರ್ಲೆಮ್ ಬ್ರಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವೊಂದು ತನ್ನ ವರದಿಯನ್ನು ಹೊರತಂದಿತು. ಇಂದಿನ ಜನರ ಅಗತ್ಯಗಳು ಪೂರೈಸಬೇಕು. ಆದರೆ ಮುಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಅದರಿಂದ ಕುಂದು ಬರಬಾರದು ಎಂಬುದು ಅದರ ಸಾರ. ಇದನ್ನೇ ನಾವು ಇಂದು ಸುಸ್ಥಿರತೆ ಎನ್ನುತ್ತೇವೆ. ಖಾತೆ ಪುಸ್ತಕವನ್ನು ಬಲ್ಲವನಿಗೆ ಈ ಮಾತು ಹೊಸದಾಗಿ ತೋರದು. ಪ್ರಶ್ನೆಯಿರುವುದು ಬೇರೆ ಕಡೆ. ಖಾತೆಯನ್ನು ಸರಿಯಾಗಿಟ್ಟ ಕಟ್ಟಡ ಸಂಸ್ಥೆ ಕಿರ್ದಿಯಲ್ಲಿ ನಷ್ಟ ಅನುಭವಿಸಬೇಕೇ? ಧರ್ಮಕ್ಕೂ ವ್ಯಾಪಾರಕ್ಕೂ ಇಲ್ಲಿ ವಿರೋಧವಿದೆಯೇ? ನಮ್ಮ ನೆರೆಹೊರೆಯ ಕೆಲವು ನಿದರ್ಶನಗಳನ್ನು ನೋಡೋಣ.

ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಒಂದು ಸಿಮೆಂಟು ಕಾರ್ಖಾನೆಯಿದೆ. 1958ರಲ್ಲಿ ಸ್ಥಾಪಿತವಾದ ಮೈಸೂರು ಸಿಮೆಂಟ್ಸ್ ಸಂಸ್ಥೆ ಅದನ್ನು ಕಟ್ಟಿತು. 2006ರಲ್ಲಿ ಆ ಸಂಸ್ಥೆ ಜರ್ಮನಿಯ ಹೈಡೆಲ್‌ಬರ್ಗ್ ಕಂಪೆನಿಯ ವಶಕ್ಕೆ ಬಂದಿತು. ಸಿಮೆಂಟು ಆಗುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಸುಣ್ಣಕಲ್ಲನ್ನೂ ಜೇಡಿಯನ್ನೂ ಬೆರೆಸಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಡುತ್ತಾರೆ. ಆಗ ಉಂಟಾಗುವ ಗಟ್ಟಿ ಉಂಡೆಗಳಿಗೆ ಕ್ಲಿಂಕರ್ ಎಂದು ಹೆಸರು. ಅದನ್ನು ಜಿಪ್ಸಮ್ಮಿನೊಡನೆ ಅರೆದರೆ ಸಿಮೆಂಟು. ಸುಡಲು ಬೇಕಾದ ಕಲ್ಲಿದ್ದಲಿನಿಂದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ ಸುಣ್ಣಕಲ್ಲಿನೊಳಗಿನಿಂದಲೇ ಆ ಅನಿಲ ಬಿಡುಗಡೆಯಾಗುತ್ತದೆ. ಮನುಷ್ಯನ ಚಟುವಟಿಕೆಯಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು 7ರಿಂದ 8 ಪಾಲು ಸಿಮೆಂಟು ಒಂದರಿಂದಲೇ ಬರುತ್ತದೆ.

ಕಬ್ಬಿಣದ ಕಾರ್ಖಾನೆಗಳಲ್ಲಿ ಉಳಿಯುವ ಕಿಟ್ಟವನ್ನು ನುಣ್ಣಗೆ ಅರೆದು ಬೆರೆಸಿದರೆ ಅಷ್ಟು ಕ್ಲಿಂಕರ್ ಉಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಕಿಟ್ಟದ ಸಿಮೆಂಟಿನಲ್ಲಿ ನೂರಕ್ಕೆ 25ರಿಂದ 70 ಭಾಗದವರೆಗೆ ಕಿಟ್ಟವಿರಬಹುದು. ಒಂದು ಕಾರ್ಖಾನೆಯ ತಿಪ್ಪೆ ಇನ್ನೊಂದರ ಕಚ್ಚಾಮಾಲು. ಅಮ್ಮಸಂದ್ರದ ಕಾರ್ಖಾನೆಯೂ ಕಾಲಕ್ರಮದಲ್ಲಿ ಸುಡುವ ಕೆಲಸವನ್ನು ಬಿಟ್ಟು, ಹೊರಗಿನಿಂದ ಕ್ಲಿಂಕರ್ ತರಿಸಿ ಅರೆದು ಬೆರೆಸುವ ಘಟಕವಾಗಿ ಮಾರ್ಪಟ್ಟಿತು. ಇಂಥ ಬೆರಕೆಯನ್ನು ಕಂಪೆನಿಗಳು ಕೇವಲ ಪರೋಪಕಾರಕ್ಕಾಗಿ ಮಾಡುವುದಿಲ್ಲ. ಸುಡುವ ಇಂಧನವೇ ಸಿಮೆಂಟಿನ ದೊಡ್ಡ ವೆಚ್ಚಗಳಲ್ಲೊಂದು. ಆದ್ದರಿಂದ ಗಾಳಿಗೆ ಒಳ್ಳೆಯದಾದದ್ದು ಇಲ್ಲಿ ಕಿರ್ದಿಗೂ ಒಳ್ಳೆಯದಾಯಿತು.

ಎರಡನೆಯ ನಿದರ್ಶನವೂ ನಮ್ಮ ಜಿಲ್ಲೆಯದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಅಗತ್ಯಗಳಿಗೆ ಒದಗಿಸುವುದು ಅದರ ಗುರಿ. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆಯ ಹೆಸರನ್ನು ನಿಮ್ಮ ಅಜ್ಜಿಯರು ಬಲ್ಲರು. ಅದರ ಕ್ಷೇತ್ರಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿತ್ತು. ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿನ ಅಚ್ಚುಗಳ ಮೇಲೆ ದೀರ್ಘಕಾಲ ಪ್ರಯೋಗ ನಡೆಸಿದರು. ಜರಡಿ ಹಿಡಿದ ಕೆಂಪುಮಣ್ಣಿಗೆ ಬೇಕಾದಷ್ಟು ಮರಳನ್ನೂ ಸ್ವಲ್ಪವೇ ಸಿಮೆಂಟನ್ನೂ ಸೇರಿಸಿ, ಹದವಾಗಿ ತೇವ ಮಾಡಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ತೆಗೆದ ಅಚ್ಚು ಅದು. ಅದನ್ನು ಸುಡುವುದಿಲ್ಲ; ಕೆಲವು ವಾರ ನೀರು ಚಿಮುಕಿಸಿ ನೆರಳಿನಲ್ಲಿ ಗಟ್ಟಿಗೊಳಿಸುತ್ತಾರೆ. ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಸುಮಾರು ಕಾಲುಭಾಗ ಮಾತ್ರ ಇದಕ್ಕೆ ಸಾಕು. ಇಟ್ಟಿಗೆಯ ಗೂಡು ಎಷ್ಟು ಸೌದೆಯನ್ನು ನುಂಗುತ್ತದೆಂಬುದನ್ನು ಕಣ್ಣಾರೆ ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಪ್ರಯೋಗಶಾಲೆಯಲ್ಲಿ ಗೆದ್ದದ್ದು ಪೇಟೆಯಲ್ಲಿ ಗೆಲ್ಲಬಲ್ಲದೇ? ಬೆಂಗಳೂರಿನ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಮತ್ತು ಅವರ ‘ಬಯೋಮ್’ ಸಂಸ್ಥೆ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ತಳಪಾಯಕ್ಕೋ ನೆಲಮಾಳಿಗೆಗೋ ನಿವೇಶನದಲ್ಲಿ ಅಗೆದ ಮಣ್ಣನ್ನು ಲಾರಿಯಲ್ಲಿ ಹೊರಗೆ ಸಾಗಿಸದೆ, ಅಲ್ಲಿಯೇ ಅಚ್ಚು ಮಾಡಿ ಅದೇ ಮನೆಯ ಗೋಡೆಗೆ ಬಳಸುವುದು ಅವರ ಪದ್ಧತಿ. ಮಣ್ಣು ಹೊರಹಾಕುವ ಬಾಡಿಗೆಯೂ ಇಟ್ಟಿಗೆ ತರಿಸುವ ಬಾಡಿಗೆಯೂ ಒಟ್ಟಿಗೆ ಉಳಿಯುತ್ತವೆ. ಚಾವಣಿಯ ಮಳೆನೀರು ತೊಟ್ಟಿಗೆ ಇಳಿಯುತ್ತದೆ. ಇಂಥ ನೂರಾರು ಮನೆಗಳನ್ನು ಅವರು ಕಟ್ಟಿಸಿದ್ದಾರೆ. ದಾನದಿಂದ ನಡೆಯುವ ಸಂಸ್ಥೆಯಲ್ಲ ಅದು. ಮನೆ ಬೇಕಾದವರು ತಾವಾಗಿ ಹುಡುಕಿಕೊಂಡು ಹೋಗಿ ಕೊಟ್ಟ ಕೆಲಸದಿಂದಲೇ ಬೆಳೆದದ್ದು.

ದೊಡ್ಡ ಕಟ್ಟಡಗಳ ವಿಷಯದಲ್ಲಿ ಇನ್ನೊಂದು ಸೊಗಸಾದ ಪರೀಕ್ಷೆ ನಡೆದಿದೆ. ಬೆಂಗಳೂರಿನಲ್ಲಿ ಬೆಳೆದ ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನ ತನ್ನ ಆವರಣದಲ್ಲಿ ಕಟ್ಟಿಸಿದ ಒಂದು ಕಟ್ಟಡವನ್ನು ಎರಡು ಸಮಭಾಗಗಳಾಗಿ ವಿಂಗಡಿಸಿತು. ಒಂದು ಭಾಗಕ್ಕೆ ವಾಡಿಕೆಯಂತೆ ತಂಪು ಗಾಳಿಯನ್ನು ಊದುವ ಯಂತ್ರ. ಇನ್ನೊಂದು ಭಾಗದಲ್ಲಿ ಚಾವಣಿಯ ಗಾರೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ. ಕೆಲಸಗಾರರು ಒಂದೇ ಬಗೆಯವರು, ಬಿಸಿಲು ಒಂದೇ, ಗೋಡೆಗಳು ಒಂದೇ. ಎರಡು ವರ್ಷ ಅಳೆದು ನೋಡಿದಾಗ ತಣ್ಣೀರಿನ ಭಾಗಕ್ಕೆ ತಂಪಿಗಾಗಿ ತಗಲಿದ ವಿದ್ಯುತ್ತು ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಮೊದಲ ವೆಚ್ಚವೂ ಹೆಚ್ಚಾಗಿರಲಿಲ್ಲ. ಒಳ್ಳೆಯದು ಯಾವಾಗಲೂ ದುಬಾರಿಯೆಂಬ ನಂಬಿಕೆಯನ್ನು ಬಾಯಿಮಾತಿನಿಂದಲ್ಲದೆ ಅಳತೆಯಿಂದ ಅಲ್ಲಗಳೆದುದರಲ್ಲಿ ಈ ಪರೀಕ್ಷೆಯ ಹಿರಿಮೆಯಿದೆ.

ಇಷ್ಟನ್ನು ಕೇಳಿದ ಮೇಲೆ, ಹಾಗಾದರೆ ಎಲ್ಲ ಕಟ್ಟಡ ಸಂಸ್ಥೆಗಳೂ ಏಕೆ ಹೀಗೆ ಮಾಡುವುದಿಲ್ಲ ಎಂಬ ಸಂದೇಹ ಯಾರಿಗಾದರೂ ಬರಬೇಕು. ನನಗೂ ಬಂದಿತ್ತು. ಅದಕ್ಕೆ ಉತ್ತರ ಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಈಗ ಕಟ್ಟಡದ ಗುತ್ತಿಗೆದಾರ. ಅವನಿಗೆ ಈ ನಿದರ್ಶನಗಳನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಅವನು ವಿನಯದಿಂದ ಕೇಳಿ, “ಮೇಷ್ಟ್ರೇ, ಆ ಕಂಪೆನಿ ಕಟ್ಟಿಸಿದ್ದೂ ತನಗೇ, ಕರೆಂಟಿನ ಬಿಲ್ಲು ಕಟ್ಟುವುದೂ ತಾನೇ. ಉಳಿದದ್ದು ಅದರ ಜೇಬಿಗೇ ಬಂತು. ನಾನು ಕಟ್ಟಿ ಮಾರುವವನು. ದಪ್ಪ ಗೋಡೆ ಕಟ್ಟಿದರೆ ಖರ್ಚು ನನ್ನದು, ತಂಪು ಕೊಂಡವರದು. ನಾನೊಬ್ಬ ಹೆಚ್ಚು ದರ ಬರೆದರೆ ಟೆಂಡರು ಪಕ್ಕದವನಿಗೆ ಹೋಗುತ್ತದೆ” ಎಂದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಖರ್ಚು ಮಾಡುವವನೂ ಫಲ ಪಡೆಯುವವನೂ ಬೇರೆ ಬೇರೆಯಾದಾಗ ಕಿರ್ದಿಯೂ ಖಾತೆಯೂ ಅಗಲುತ್ತವೆ. ಅಲ್ಲಿ ಒಬ್ಬನ ಒಳ್ಳೆಯತನವನ್ನು ನಂಬಿ ಕೂರಲಾಗದು. ಎಲ್ಲರಿಗೂ ಸಮನಾದ ನಿಯಮ ಬೇಕು. ಅಂಥ ನಿಯಮಗಳು ಒಂದೊಂದಾಗಿ ಬರುತ್ತಿವೆ. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯಿದೆಗೆ ತಿದ್ದುಪಡಿಯಾಗಿ, ಅಲ್ಲಿ ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಕಟ್ಟಡ ಒಡೆದ ಅವಶೇಷಗಳನ್ನು ಕೆರೆಯಂಗಳಕ್ಕೆ ಸುರಿಯದೆ ವಿಂಗಡಿಸಿ ಒಪ್ಪಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ದೇಶದ ದೊಡ್ಡ 1,000 ಕಂಪೆನಿಗಳು ತಾವು ಬಳಸಿದ ನೀರು, ಶಕ್ತಿ, ಹೊರಬಿಟ್ಟ ತ್ಯಾಜ್ಯ ಇವುಗಳ ವರದಿಯನ್ನು ಷೇರುದಾರರ ಮುಂದಿಡಬೇಕೆಂದು ‘ಸೆಬಿ’ ವಿಧಿಸಿದ ಕಟ್ಟಳೆ 2022–23ನೆಯ ಸಾಲಿನಿಂದ ಕಡ್ಡಾಯವಾಯಿತು. ಇದು ಹೊಳೆಗೂ ಗಾಳಿಗೂ ಖಾತೆಯ ಪುಟ ತೆರೆಯುವ ಪ್ರಯತ್ನವೇ ಸರಿ. ಮಳೆನೀರಿನ ತೊಟ್ಟಿಯ ವೆಚ್ಚವನ್ನು ಎಲ್ಲರೂ ಬರೆಯಲೇಬೇಕಾದಾಗ, ಬರೆದವನಿಗೆ ಟೆಂಡರು ತಪ್ಪುವುದಿಲ್ಲ.

ನಿಯಮದ ಜೊತೆಗೆ ಕೊಳ್ಳುವವರ ವಿವೇಕವೂ ಕೂಡಬೇಕು. ಮನೆ ಕೊಳ್ಳುವಾಗ ಚದರಡಿಗೆ ಎಷ್ಟು ಎಂದು ಕೇಳುವವರು, ಬೇಸಿಗೆಯಲ್ಲಿ ಒಳಗೆ ಎಷ್ಟು ಸೆಕೆ, ನೀರು ಎಲ್ಲಿಂದ, ಮರಳು ಎಲ್ಲಿಯದು ಎಂದು ಕೇಳಲು ಕಲಿತರೆ ಕಟ್ಟುವವರೂ ಉತ್ತರ ಸಿದ್ಧಪಡಿಸಿಕೊಳ್ಳುತ್ತಾರೆ. ಆದರೆ ಇಲ್ಲಿಯೂ ಎಚ್ಚರ ಬೇಕು. ಹೆಸರಿನಲ್ಲಿ ‘ಹಸಿರು’ ಎಂದು ಬರೆದು, ಮುಂಬಾಗಿಲಲ್ಲಿ ನಾಲ್ಕು ಹೂಕುಂಡ ಇಟ್ಟು, ಹಿಂದೆ ಕೊಳವೆ ಬಾವಿಗಳನ್ನು ಕೊರೆಯುವವರೂ ಉಂಟು. ಹೊಳೆಯ ಮರಳಿನ ಬದಲು ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಳಸುವುದು ಹಳ್ಳಗಳಿಗೆ ಉಪಕಾರವೇ; ಆದರೆ ಆ ಕಲ್ಲೂ ಒಂದು ಗುಡ್ಡದಿಂದಲೇ ಬಂದದ್ದು. ಯಾವ ಕಟ್ಟಡವೂ ಋಣವಿಲ್ಲದೆ ಏಳುವುದಿಲ್ಲ. ಋಣವನ್ನು ಒಪ್ಪಿ ಬರೆದುಕೊಳ್ಳುವುದು, ಕಡಿಮೆ ಮಾಡಲು ಪ್ರಯತ್ನಿಸುವುದು, ಇಷ್ಟೇ ಪ್ರಾಮಾಣಿಕನ ಲಕ್ಷಣ.

ನನ್ನ ಗುತ್ತಿಗೆದಾರ ಶಿಷ್ಯ ಅಂದು ವಾದದಲ್ಲಿ ಗೆದ್ದರೂ ಸುಮ್ಮನೆ ಕೂರಲಿಲ್ಲ. ಮುಂದಿನ ಕೆಲಸದಲ್ಲಿ ಒಂದು ಹೊಸ ಪುಸ್ತಕ ಇಟ್ಟ. ಮಳೆಗೆ ಸಿಕ್ಕಿ ಗಟ್ಟಿಯಾದ ಸಿಮೆಂಟಿನ ಚೀಲವೆಷ್ಟು, ಕತ್ತರಿಸಿ ಎಸೆದ ಕಬ್ಬಿಣದ ತುಂಡುಗಳೆಷ್ಟು, ಒಡೆದು ಮತ್ತೆ ಕಟ್ಟಿದ ಗೋಡೆಯೆಷ್ಟು ಎಂದು ದಿನವೂ ಬರೆಸಿದ. ಗೋಡೆಗೆ ಪೈಪಿನಿಂದ ನೀರು ಸುರಿಯುವುದನ್ನು ಬಿಟ್ಟು, ಕಂಬಗಳಿಗೆ ಗೋಣಿತಾಟು ಸುತ್ತಿಸಿ ಒದ್ದೆಯಾಗಿಡಿಸಿದ. ವರ್ಷದ ಕೊನೆಗೆ ಬಂದು, “ಮೇಷ್ಟ್ರೇ, ದರ ಹೆಚ್ಚಿಸದೆ ಎರಡು ಟ್ಯಾಂಕರು ನೀರಿನ ಕಡೆ ಒಂದರಲ್ಲಿ ಕೆಲಸ ಸಾಗಿತು. ಎಸೆಯುತ್ತಿದ್ದುದರಲ್ಲಿಯೇ ನನ್ನ ಲಾಭ ಇತ್ತು, ಅಳೆಯುವವರೆಗೆ ಕಂಡಿರಲಿಲ್ಲ” ಎಂದ. ನಾನು ಅವನಿಗೆ ಕಲಿಸಿದ್ದಕ್ಕಿಂತ ಅವನು ನನಗೆ ಕಲಿಸಿದ್ದೇ ಹೆಚ್ಚು. ನಿಯಮ ಬರುವವರೆಗೆ, ಕೊಳ್ಳುವವರು ಬದಲಾಗುವವರೆಗೆ ಕಾಯದೆ ಒಬ್ಬೊಬ್ಬನೂ ಇಂದೇ ಮಾಡಬಹುದಾದ ಕೆಲಸವೊಂದಿದೆ. ಅದು ಪೋಲನ್ನು ಅಳೆಯುವುದು.

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಕೊಬ್ಬರಿಗೆಂದೇ ಅಟ್ಟವಿರುತ್ತಿತ್ತು. ಬಲಿತ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿದರೆ ಹತ್ತು-ಹನ್ನೆರಡು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲುಗಿಸಿದರೆ ಗಟಗಟ ಎನ್ನಬೇಕು. ಆಗಲೇ ಅದು ಉಂಡೆ ಕೊಬ್ಬರಿ. ಆತುರಪಟ್ಟು ನಡುವೆ ಒಡೆದವನಿಗೆ ಅತ್ತ ಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ. ತೆಂಗು ಬೆಳೆದವರಿಗೆ ಕಾಯುವುದರ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮನೆ ಕಟ್ಟುವಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ. ನಾನು ಮರೆತೆ.

ಅಂದು ಏರಿಯ ಮೇಲೆ ಆ ಹುಡುಗನಿಗೆ ಹೇಳಲಾಗದ ಉತ್ತರವನ್ನು ಈಗ ಹೇಳಬಲ್ಲೆ. ಬೋರನಕಣಿವೆಯನ್ನು ಕಟ್ಟಿದವರಿಗೆ ಕಿರ್ದಿಯಲ್ಲಿ ಬಂದದ್ದು ಅಂದಿನ ಕೂಲಿ ಮಾತ್ರ. ಖಾತೆಯಲ್ಲಾದರೋ ಲಾಭ ಇಂದಿಗೂ ಬರುತ್ತಲೇ ಇದೆ, ಪಡೆಯುತ್ತಿರುವವರು ನಾವು. ಪಡೆದವರು ಕೊಡಲೂ ಬೇಕು. ಅಣ್ಣನ ತೋಟದಲ್ಲಿ ಒಣಗಿದ ಮರಗಳ ಜಾಗದಲ್ಲಿ ಸಸಿ ಇಟ್ಟಿದ್ದೇವೆ. ನಮ್ಮ ಮನೆಯ ಚಾವಣಿಯ ಮಳೆನೀರನ್ನು ಕಾಲುವೆ ಮಾಡಿ ಅವನ ಬಾವಿಯ ಬಳಿಯ ಇಂಗುಗುಂಡಿಗೆ ಹರಿಸಿದ್ದೇನೆ. ಅದರಿಂದ ಹಳ್ಳದ ಮರಳು ಹಿಂದಿರುಗುವುದಿಲ್ಲ. ಆದರೂ ನನ್ನ ಹೆಸರಿನ ಪುಟದಲ್ಲಿ ಒಂದು ಸಾಲು ಜಮಾ ಬಿದ್ದಿದೆ ಎಂದುಕೊಂಡಿದ್ದೇನೆ.

ಅಭ್ಯಾಸ

1. ಕಿರ್ದಿ ಮತ್ತು ಖಾತೆಗಳಿಗಿರುವ ವ್ಯತ್ಯಾಸವೇನು? ಲೇಖಕರು ಇದನ್ನು ಕಟ್ಟಡದ ಉದ್ಯಮಕ್ಕೆ ಹೇಗೆ ಅನ್ವಯಿಸಿದ್ದಾರೆ?
2. “ನಮ್ಮ ಬಾವಿ ಇದರೊಳಗೆ ಸೇರಿಕೊಂಡಿದೆ ಕಣಪ್ಪ.” ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು?
3. ಸಿಮೆಂಟಿಗೆ ಕಿಟ್ಟವನ್ನು ಬೆರೆಸುವುದರಿಂದ ಕಾರ್ಖಾನೆಗೂ ಪರಿಸರಕ್ಕೂ ಆಗುವ ಪ್ರಯೋಜನಗಳನ್ನು ತಿಳಿಸಿರಿ.
4. ಗುತ್ತಿಗೆದಾರ ಶಿಷ್ಯನ ಆಕ್ಷೇಪವೇನು? ಅದಕ್ಕೆ ಲೇಖಕರು ಸೂಚಿಸುವ ಪರಿಹಾರಗಳಾವುವು?
5. ನಿಮ್ಮ ಊರಿನಲ್ಲಿ ಈಗ ಕಟ್ಟುತ್ತಿರುವ ಒಂದು ಕಟ್ಟಡವನ್ನು ನೋಡಿ, ಅದಕ್ಕೆ ಬೇಕಾದ ಮಣ್ಣು, ಮರಳು, ಕಲ್ಲು, ನೀರುಗಳು ಎಲ್ಲೆಲ್ಲಿಂದ ಬಂದವೆಂದು ಕೇಳಿ ತಿಳಿದು ಒಂದು ಪುಟ ಬರೆಯಿರಿ.